ಡ್ಯಾಶ್‌ಬೋರ್ಡಿನ ಹಾಗೂ ಒಳಗಿನ ದೀಪಗಳ ದೋಷಗಳು: ಹುಡುಕುವ ಕ್ರಮ
(ಕೃಷಿ ಯಂತ್ರೋಪಕರಣಗಳ ತರಬೇತಿ ಶಿಬಿರದಲ್ಲಿ ರೈತರಿಗೆ ನೀಡಿದ ಉಪನ್ಯಾಸ)



ಇಂತಹ ಶಿಬಿರಗಳಲ್ಲಿ ನೇಗಿಲು, ಕೂರಿಗೆ, ಪಂಪುಸೆಟ್ಟುಗಳ ಬಗ್ಗೆ ಮಾತನಾಡುವುದು ವಾಡಿಕೆ. ಇಂದು ನಾನು ಆರಿಸಿಕೊಂಡಿರುವುದು ಕಾರು, ಜೀಪುಗಳ ಒಳಗೆ ಉರಿಯುವ ಸಣ್ಣ ದೀಪಗಳ ವಿಷಯ. ಮೀಟರಿನ ಹಿಂದೆ ಉರಿಯುವ ದೀಪ, ಕೆಂಪು ಎಚ್ಚರಿಕೆಯ ದೀಪಗಳು, ಚಾವಣಿಯಲ್ಲಿರುವ ದೀಪ ಇವಿಷ್ಟೇ. "ಇದು ಮೆಕ್ಯಾನಿಕ್ಕಿನ ಕೆಲಸ, ನಮಗೇಕೆ?" ಎಂದು ಕೆಲವರಿಗೆ ಅನ್ನಿಸಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ಒಂದು ಸಂಜೆ ಪರಿಚಯದ ರೈತರೊಬ್ಬರ ಜೀಪಿನಲ್ಲಿ ಸಂತೆಯಿಂದ ಹಿಂದಿರುಗುತ್ತಿದ್ದೆ. ಕತ್ತಲಾಯಿತು. ಮುಂದಿನ ದೊಡ್ಡ ದೀಪಗಳು ಚೆನ್ನಾಗಿಯೇ ಉರಿಯುತ್ತಿದ್ದವು, ಆದರೆ ಮೀಟರುಗಳು ಕತ್ತಲಲ್ಲಿದ್ದವು. ಕೇಳಿದೆ. "ಅದು ಹೋಗಿ ಹದಿನೈದು ದಿನ ಆಯ್ತು ಸಾರ್, ಸ್ಪೀಡು ನೋಡೋದು ಯಾರಿಗೆ ಬೇಕು?" ಎಂದರು. ಗಾಡಿ ನಿಲ್ಲಿಸಲು ಹೇಳಿ, ಇಳಿದು ಹಿಂದೆ ಹೋಗಿ ನೋಡಿದೆ. ಹಿಂದಿನ ಎರಡು ಕೆಂಪು ದೀಪಗಳೂ ಇರಲಿಲ್ಲ, ನಂಬರು ಫಲಕದ ದೀಪವೂ ಇರಲಿಲ್ಲ. ಹದಿನೈದು ರಾತ್ರಿ ಅವರು ಲಾರಿ, ಬಸ್ಸು ಓಡಾಡುವ ಹೆದ್ದಾರಿಯಲ್ಲಿ ಹಿಂದೆ ದೀಪವಿಲ್ಲದೆ ಓಡಾಡಿದ್ದರು. ಕೆಲವು ದಿನ ಮಕ್ಕಳೂ ಜೊತೆಯಲ್ಲಿದ್ದರಂತೆ. ಕೆಟ್ಟಿದ್ದು ಒಂದೇ ಒಂದು ಫ್ಯೂಸು.

ಇದು ಆ ಜೀಪಿನ ವಿಶೇಷವಲ್ಲ. ಬಹಳಷ್ಟು ವಾಹನಗಳಲ್ಲಿ ಮೀಟರಿನ ಬೆಳಕು, ಹಿಂದಿನ ಕೆಂಪು ದೀಪ, ಮುಂದಿನ ಪಾರ್ಕಿಂಗ್ ದೀಪ, ನಂಬರು ಫಲಕದ ದೀಪ ಎಲ್ಲವೂ ಸ್ವಿಚ್ಚಿನ ಮೊದಲ ಹಂತದಲ್ಲೇ ಹೊತ್ತಿಕೊಳ್ಳುತ್ತವೆ. ಅನೇಕ ಕಡೆ ಅವಕ್ಕೆಲ್ಲ ಒಂದೇ ಫ್ಯೂಸು ಇರುತ್ತದೆ. ಚಾಲಕನಿಗೆ ತನ್ನ ಬೆನ್ನ ಹಿಂದಿನ ದೀಪ ಕಾಣುವುದಿಲ್ಲ, ಕಾಣುವುದು ಮೀಟರು ಮಾತ್ರ. ಆದುದರಿಂದ ಮೀಟರು ಕತ್ತಲಾದ ಕೂಡಲೇ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಇಳಿದು ಹಿಂದಕ್ಕೆ ಹೋಗಿ ನೋಡಬೇಕು. ಸೂರ್ಯಾಸ್ತವಾದ ಅರ್ಧ ಗಂಟೆಯ ನಂತರ ದೀಪವಿಲ್ಲದೆ ವಾಹನ ಓಡಿಸುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿರುದ್ಧ ಎಂಬುದು ನಿಮಗೆ ತಿಳಿದೇ ಇದೆ. ಆದರೆ ದಂಡಕ್ಕಿಂತ ಹಿಂದಿನಿಂದ ಬರುವ ಲಾರಿಗೆ ನಾವು ಹೆಚ್ಚು ಹೆದರಬೇಕು.

ಈಗ ದೀಪ ಉರಿಯುವ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಪಂಪುಸೆಟ್ಟು ನೋಡಿದವರಿಗೆ ಇದು ಕಷ್ಟವಲ್ಲ. ಬಾವಿಯ ನೀರು ಪಂಪಿನಿಂದ ಕೊಳವೆಗೆ, ಕೊಳವೆಯಿಂದ ತೊಟ್ಟಿಗೆ ಬಂದು, ಹೆಚ್ಚಾದದ್ದು ಕಾಲುವೆಯಲ್ಲಿ ಮತ್ತೆ ಬಾವಿಗೆ ಇಳಿಯುತ್ತದೆ ಎಂದುಕೊಳ್ಳಿ. ಬ್ಯಾಟರಿಯ ಧನ ಧ್ರುವದಿಂದ ಹೊರಟ ವಿದ್ಯುತ್ತು ಫ್ಯೂಸು, ಸ್ವಿಚ್ಚು, ತಂತಿಗಳ ಮೂಲಕ ಬಲ್ಬಿಗೆ ಬರುತ್ತದೆ. ಹಿಂದಿರುಗಲು ಪ್ರತ್ಯೇಕ ತಂತಿ ಹಾಕುವ ಬದಲು ವಾಹನದ ಕಬ್ಬಿಣದ ಮೈಯನ್ನೇ ಕಾಲುವೆಯಾಗಿ ಬಳಸಿದ್ದಾರೆ. ಮೈಗೆ ಬ್ಯಾಟರಿಯ ಋಣ ಧ್ರುವವನ್ನು ದಪ್ಪ ತಂತಿಯಿಂದ ಬಿಗಿದಿರುತ್ತಾರೆ. ಇದಕ್ಕೆ ಅರ್ತ್ ಎನ್ನುತ್ತಾರೆ. ಕೊಳವೆ ಒಡೆದರೂ ನೀರು ಬಾರದು, ಕಾಲುವೆ ಕಟ್ಟಿಕೊಂಡರೂ ಸರಿಯಾಗಿ ಹರಿಯದು. ನಮ್ಮ ಜನ ಕೊಳವೆಯನ್ನು ಮಾತ್ರ ಹುಡುಕುತ್ತಾರೆ, ಕಾಲುವೆಯನ್ನು ಮರೆಯುತ್ತಾರೆ. ಹಳೆಯ ವಾಹನಗಳಲ್ಲಿ ಅರ್ಧದಷ್ಟು ತೊಂದರೆ ಈ ಅರ್ತಿನಲ್ಲೇ ಇರುತ್ತದೆ ಎಂಬುದು ನನ್ನ ಅನುಭವ.

ಸಾಮಗ್ರಿ ಹೆಚ್ಚೇನೂ ಬೇಡ. 12 ವೋಲ್ಟಿನ 5 ವ್ಯಾಟು ಬಲ್ಬಿಗೆ ಎರಡು ತಂತಿ ಬೆಸೆದು, ಒಂದರ ತುದಿಗೆ ಮೊಸಳೆ ಕ್ಲಿಪ್ಪು, ಇನ್ನೊಂದಕ್ಕೆ ಚೂಪಾದ ಸೂಜಿ ಕಟ್ಟಿದರೆ ಪರೀಕ್ಷಾ ದೀಪ ಸಿದ್ಧವಾಯಿತು. ಕ್ಲಿಪ್ಪನ್ನು ಬಣ್ಣವಿಲ್ಲದ ಕಬ್ಬಿಣಕ್ಕೆ ಕಚ್ಚಿಸಿ, ಸೂಜಿಯನ್ನು ನೋಡಬೇಕಾದ ಜಾಗಕ್ಕೆ ಮುಟ್ಟಿಸಬೇಕು. ದೀಪ ಹೊತ್ತಿದರೆ ಅಲ್ಲಿಯವರೆಗೆ ವಿದ್ಯುತ್ತು ಬಂದಿದೆ ಎಂದರ್ಥ. ಪರೀಕ್ಷಾ ದೀಪವನ್ನೇ ಮೊದಲು ಬ್ಯಾಟರಿಗೆ ಮುಟ್ಟಿಸಿ ನೋಡಿಕೊಳ್ಳುವುದನ್ನು ಮರೆಯಬೇಡಿ. ಅದೇ ಕೆಟ್ಟಿದ್ದು, ಇಡೀ ಗಾಡಿಯ ವೈರಿಂಗ್ ಬಿಚ್ಚಿದವರನ್ನು ನಾನು ನೋಡಿದ್ದೇನೆ. ಇದರ ಜೊತೆಗೆ ಒಂದು ಮಲ್ಟಿಮೀಟರು ಇದ್ದರೆ ಬಹಳ ಅನುಕೂಲ. ಈಗ ಅದು ಹಳ್ಳಿಯ ಎಲೆಕ್ಟ್ರಿಕ್ ಅಂಗಡಿಯಲ್ಲೂ ಸಿಗುತ್ತದೆ.

ದೋಷ ಕಂಡಾಗ ಮೊದಲು ಸ್ಕ್ರೂಡ್ರೈವರನ್ನು ಕೈಗೆತ್ತಿಕೊಳ್ಳಬಾರದು. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಹೋಗಿರುವುದು ಒಂದೇ ದೀಪವೋ, ಗುಂಪಾಗಿ ಹೋಗಿವೆಯೋ? ಒಂದೇ ಆದರೆ ಬಲ್ಬು, ಅದರ ಹೋಲ್ಡರು, ಅದರ ಅರ್ತು ಇಷ್ಟರಲ್ಲೇ ತಪ್ಪಿರುತ್ತದೆ. ಗುಂಪಾಗಿ ಹೋಗಿದ್ದರೆ ಅವೆಲ್ಲಕ್ಕೂ ಸಾಮಾನ್ಯವಾದ ಫ್ಯೂಸು, ಸ್ವಿಚ್ಚು ಅಥವಾ ಸಾಮಾನ್ಯ ಅರ್ತನ್ನು ನೋಡಬೇಕು. ಐದು ಬಲ್ಬುಗಳು ಒಂದೇ ರಾತ್ರಿ ಒಟ್ಟಿಗೆ ಸುಡುವುದು ಅಪರೂಪ. ಹಾಗೆ ನಿಜವಾಗಿಯೂ ಸುಡುತ್ತಿದ್ದರೆ ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ವೋಲ್ಟೇಜು ಅಳೆಯಿರಿ. ಅದು ಸುಮಾರು 13.8ರಿಂದ 14.5 ವೋಲ್ಟಿನೊಳಗೆ ಇರಬೇಕು. 15 ದಾಟಿದ್ದರೆ ಆಲ್ಟರ್ನೇಟರಿನ ರೆಗ್ಯುಲೇಟರು ಕೆಟ್ಟಿದೆ, ಬಲ್ಬು ಬದಲಾಯಿಸಿ ಪ್ರಯೋಜನವಿಲ್ಲ.

ಮೀಟರಿನ ಬೆಳಕು ಮಾತ್ರ ಹೋಗಿ, ಹಿಂದಿನ ದೀಪಗಳು ಉರಿಯುತ್ತಿದ್ದರೆ ಮೊದಲು ಬೆಳಕು ಹೆಚ್ಚು ಕಡಿಮೆ ಮಾಡುವ ಸಣ್ಣ ಗಾಲಿಯನ್ನು ತಿರುಗಿಸಿ ನೋಡಿ. ಅನೇಕ ಕಾರುಗಳಲ್ಲಿ ಇದು ಸ್ಟೀರಿಂಗಿನ ಪಕ್ಕದಲ್ಲಿರುತ್ತದೆ. ಒರೆಸುವಾಗ ಬಟ್ಟೆ ತಾಗಿಯೋ, ಮಕ್ಕಳ ಕೈ ತಾಗಿಯೋ ಅದು ಕೊನೆಯವರೆಗೆ ಇಳಿದಿರುತ್ತದೆ. ನಗಬೇಡಿ, ಇದೇ ಕಾರಣಕ್ಕೆ ಗ್ಯಾರೇಜಿಗೆ ಬರುವ ಗಾಡಿಗಳು ಕಡಿಮೆಯೇನಲ್ಲ. ಗಾಲಿಯನ್ನು ತಿರುಗಿಸುವಾಗ ಬೆಳಕು ಬಂದು ಬಂದು ಹೋಗುತ್ತಿದ್ದರೆ ಒಳಗಿನ ಪ್ರತಿರೋಧದ ಸುರುಳಿ ಕೊಳೆಯಾಗಿದೆ ಅಥವಾ ಸವೆದಿದೆ. ನಾಲ್ಕಾರು ಬಾರಿ ಆಚೀಚೆ ತಿರುಗಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಫ್ಯೂಸಿನ ಪರೀಕ್ಷೆಯನ್ನು ಕಣ್ಣಿನಿಂದ ಮಾತ್ರ ಮಾಡಬಾರದು. ಈಗಿನ ಚಪ್ಪಟೆ ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳಿರುತ್ತವೆ. ಸ್ವಿಚ್ಚು ಹಾಕಿ ಎರಡಕ್ಕೂ ಪರೀಕ್ಷಾ ದೀಪ ಮುಟ್ಟಿಸಿ. ಎರಡರಲ್ಲೂ ಬೆಳಕು ಬಂದರೆ ಫ್ಯೂಸು ಸರಿಯಿದೆ. ಒಂದರಲ್ಲಿ ಮಾತ್ರ ಬಂದರೆ ಫ್ಯೂಸು ಸುಟ್ಟಿದೆ. ಎರಡರಲ್ಲೂ ಬಾರದಿದ್ದರೆ ಫ್ಯೂಸಿನವರೆಗೆ ವಿದ್ಯುತ್ತೇ ಬಂದಿಲ್ಲ, ಸ್ವಿಚ್ಚು ಅಥವಾ ಅದರ ಹಿಂದಿನ ತಂತಿಯನ್ನು ನೋಡಬೇಕು. ಬಣ್ಣದಿಂದ ಫ್ಯೂಸಿನ ಶಕ್ತಿ ತಿಳಿಯುತ್ತದೆ: ಕಂದು 7.5 ಆಂಪಿಯರು, ಕೆಂಪು 10, ನೀಲಿ 15, ಹಳದಿ 20, ಹಸಿರು 30. ಯಾವ ಬಣ್ಣದ್ದು ಇತ್ತೋ ಅದನ್ನೇ ಹಾಕಬೇಕು.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕೋಣ. ಹಿಂದಿನ ಎರಡು ದೀಪ, ಮುಂದಿನ ಎರಡು ಪಾರ್ಕಿಂಗ್ ದೀಪ, ನಂಬರು ಫಲಕದ ಒಂದು, ಹೀಗೆ 5 ವ್ಯಾಟಿನ ಐದು ಬಲ್ಬು. ಮೀಟರಿನ ಹಿಂದೆ 1.2 ವ್ಯಾಟಿನ ಐದು ಬಲ್ಬು. ಒಟ್ಟು 31 ವ್ಯಾಟು. ಅದನ್ನು 12ರಿಂದ ಭಾಗಿಸಿದರೆ ಎರಡೂವರೆ ಆಂಪಿಯರಿಗಿಂತ ತುಸು ಹೆಚ್ಚು, ಅಷ್ಟೇ. ಹೀಗಿರುವಾಗ 10 ಆಂಪಿಯರಿನ ಫ್ಯೂಸು ಭಾರ ತಾಳಲಾರದೆ ಸುಡಲು ಸಾಧ್ಯವಿಲ್ಲ. ಸುಟ್ಟಿದ್ದರೆ ಎಲ್ಲೋ ತಂತಿಯ ಹೊದಿಕೆ ಹರಿದು ಮೈಗೆ ತಾಗುತ್ತಿದೆ, ಅಂದರೆ ಶಾರ್ಟ್ ಆಗಿದೆ. "ಫ್ಯೂಸು ಪದೇ ಪದೇ ಹೋಗುತ್ತೆ ಅಂತ ದೊಡ್ಡದು ಹಾಕಿದೆ" ಎನ್ನುವವರು, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರು, ತಾಮ್ರದ ತಂತಿ ಕಟ್ಟುವವರು ಇದನ್ನು ಯೋಚಿಸಬೇಕು. ಫ್ಯೂಸು ಸುಡದಿದ್ದರೆ ತಂತಿ ಸುಡುತ್ತದೆ. ತಂತಿ ಡ್ಯಾಶ್‌ಬೋರ್ಡಿನ ಹಿಂದೆ ಇತರ ತಂತಿಗಳ ಜೊತೆ ಕಟ್ಟಾಗಿ ಹೋಗಿರುತ್ತದೆ. ಡೀಸಲ್ ಕೊಳವೆಯೂ ಎಂಜಿನ್ನಿನ ಕಡೆ ಹೆಚ್ಚು ದೂರದಲ್ಲಿರುವುದಿಲ್ಲ.

ಶಾರ್ಟನ್ನು ಹುಡುಕುವ ಒಂದು ಸುಲಭ ಉಪಾಯವಿದೆ. ಸುಟ್ಟ ಫ್ಯೂಸನ್ನು ತೆಗೆದು, ಅದರ ಎರಡು ಕಚ್ಚುಗಳ ನಡುವೆ 12 ವೋಲ್ಟಿನ 21 ವ್ಯಾಟು ಬಲ್ಬನ್ನು ತಂತಿಯ ಮೂಲಕ ಜೋಡಿಸಿ. ಆ ಸಾಲಿನ ಬಲ್ಬುಗಳನ್ನು ಸಾಧ್ಯವಾದಷ್ಟು ಹೋಲ್ಡರಿನಿಂದ ಬಿಡಿಸಿಡಿ. ಸ್ವಿಚ್ಚು ಹಾಕಿದಾಗ ನಾವು ಜೋಡಿಸಿದ ಬಲ್ಬು ಪೂರ್ಣವಾಗಿ ಉರಿದರೆ ಶಾರ್ಟು ಇನ್ನೂ ಇದೆ. ಹರಿಯುವ ವಿದ್ಯುತ್ತು 2 ಆಂಪಿಯರು ಮೀರದಿರುವುದರಿಂದ ತಂತಿಗೆ ಅಪಾಯವಿಲ್ಲ. ಈಗ ಒಬ್ಬರು ಬಲ್ಬು ನೋಡುತ್ತಿರಲಿ, ಇನ್ನೊಬ್ಬರು ತಂತಿಯ ಕಟ್ಟನ್ನು ಹಿಂದಿನಿಂದ ಮುಂದಕ್ಕೆ ಒಂದೊಂದು ಕಡೆ ಅಲುಗಾಡಿಸುತ್ತ ಬರಲಿ. ಎಲ್ಲಿ ಮುಟ್ಟಿದಾಗ ಬಲ್ಬು ಆರಿತೋ ಅಲ್ಲೇ ಕಳ್ಳ ಅಡಗಿದ್ದಾನೆ. ನಂಬರು ಫಲಕದ ದೀಪದ ಹೋಲ್ಡರು, ಹಿಂದಿನ ಬಾಗಿಲಿನ ಕೀಲಿನಲ್ಲಿ ಮಡಚುವ ತಂತಿ, ಚಾಸಿಯ ತೂತಿನಲ್ಲಿ ರಬ್ಬರು ಬಿದ್ದುಹೋಗಿರುವ ಜಾಗ ಇವನ್ನು ಮೊದಲು ನೋಡಿ. ಸ್ವಿಚ್ಚು ಹಾಕಿದೊಡನೆ ಫ್ಯೂಸು ಹೋಗದೆ, ಹಳ್ಳ ದಿಣ್ಣೆಯ ರಸ್ತೆಯಲ್ಲಿ ಮಾತ್ರ ಹೋಗುತ್ತಿದ್ದರೆ ಉಜ್ಜಿ ಸವೆದ ತಂತಿಯೇ ಕಾರಣ. ನಮ್ಮ ಹಳ್ಳಿಗಳಲ್ಲಿ ಇಲಿಯನ್ನೂ ಮರೆಯುವಂತಿಲ್ಲ. ಕಣದ ಪಕ್ಕದಲ್ಲಿ, ಹುಲ್ಲಿನ ಬಣವೆಯ ಹತ್ತಿರ ನಿಲ್ಲಿಸಿದ ಗಾಡಿಯ ತಂತಿಗಳನ್ನು ಅದು ಒಂದೇ ರಾತ್ರಿಯಲ್ಲಿ ಕಡಿದುಹಾಕಬಲ್ಲದು.

ಮೀಟರಿನ ಪೆಟ್ಟಿಗೆಯನ್ನು ಹೊರತೆಗೆಯುವ ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿರಿ. ಋಣವನ್ನೇ ಮೊದಲು ಬಿಚ್ಚಬೇಕು, ಕೊನೆಯಲ್ಲಿ ಕಟ್ಟಬೇಕು. ಧನವನ್ನು ಮೊದಲು ಬಿಚ್ಚುವಾಗ ಸ್ಪ್ಯಾನರು ಮೈಗೆ ತಾಗಿದರೆ ಬೆಂಕಿಯ ಕಿಡಿ ಹಾರುತ್ತದೆ. ಬಹುತೇಕ ಪೆಟ್ಟಿಗೆಗಳ ಹಿಂದೆ ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಗಳಿರುತ್ತವೆ. ಬಲ್ಬಿನ ಹೋಲ್ಡರನ್ನು ಕಾಲು ಸುತ್ತು ತಿರುಗಿಸಿದರೆ ಹೊರಬರುತ್ತದೆ. ಕಂಪನಕ್ಕೆ ಅದು ಸಡಿಲವಾಗಿ, ತಾಮ್ರಕ್ಕೆ ತಾಗದಿರುವುದು ಸಾಮಾನ್ಯ. ಮೀಟರಿನ ಮೇಲೆ ಕೈಯಿಂದ ತಟ್ಟಿದಾಗ ಬೆಳಕು ಬಂದರೆ ಇದೇ ದೋಷ. ಒತ್ತಿ ಕೂರಿಸುವ ಗಾಜಿನ ಬಲ್ಬುಗಳ ಬುಡದಲ್ಲಿ ಎರಡು ಕಡೆ ಮಡಚಿದ ಸಣ್ಣ ತಂತಿಗಳಿರುತ್ತವೆ. ಅವು ಚಪ್ಪಟೆಯಾಗಿದ್ದರೆ ಸೂಜಿಯಿಂದ ತುಸು ಮೇಲೆತ್ತಿ. ಬಲ್ಬು ಸರಿಯಿದ್ದರೂ ಹಸಿರು ಕಿಲುಬು ಹಿಡಿದು ಉರಿಯದಿರಬಹುದು, ನಯವಾದ ಉಪ್ಪು ಕಾಗದದಿಂದ ಹಗುರವಾಗಿ ಉಜ್ಜಿದರೆ ಸಾಕು.

ಅರ್ತು ಕೆಟ್ಟಾಗ ದೀಪ ಪೂರ್ತಿ ಹೋಗುವುದಿಲ್ಲ, ವಿಚಿತ್ರವಾಗಿ ವರ್ತಿಸುತ್ತದೆ. ಬ್ರೇಕು ಒತ್ತಿದರೆ ಹಿಂದಿನ ಕೆಂಪು ದೀಪ ಮಂಕಾಗುವುದು, ತಿರುವಿನ ದೀಪ ಹಾಕಿದರೆ ಪಾರ್ಕಿಂಗ್ ದೀಪವೂ ಜೊತೆಗೆ ಮಿನುಗುವುದು, ದೊಡ್ಡ ದೀಪ ಹಾಕಿದಾಗ ಡೀಸಲ್ ಮತ್ತು ಶಾಖದ ಮುಳ್ಳುಗಳು ಎರಡೂ ಒಟ್ಟಿಗೆ ಜಿಗಿಯುವುದು ಇವೆಲ್ಲ ಅದರ ಲಕ್ಷಣ. ವಿದ್ಯುತ್ತು ತನ್ನ ಕಾಲುವೆ ಕಟ್ಟಿದಾಗ ಪಕ್ಕದ ಬಲ್ಬಿನ ಮೂಲಕ ನುಗ್ಗಿ ದಾರಿ ಮಾಡಿಕೊಳ್ಳುತ್ತದೆ. ದೀಪ ಉರಿಯುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬಲ್ಬಿನ ಅರ್ತ್ ಭಾಗಕ್ಕೂ ಇನ್ನೊಂದನ್ನು ಬ್ಯಾಟರಿಯ ಋಣ ಧ್ರುವಕ್ಕೂ ಮುಟ್ಟಿಸಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತಿನ ಸ್ಕ್ರೂ ಬಿಚ್ಚಿ, ತುಕ್ಕು ಮತ್ತು ಬಣ್ಣ ಕೆರೆದು, ಬಿಗಿಯಾಗಿ ಕಟ್ಟಿ, ಮೇಲೆ ಸ್ವಲ್ಪ ಗ್ರೀಸು ಸವರಿ.

ಚಾವಣಿಯ ದೀಪದ ವಿಷಯ ಸುಲಭ. ಅದಕ್ಕೆ ಮೂರು ಸ್ಥಾನಗಳಿರುತ್ತವೆ: ಸದಾ ಉರಿಯುವುದು, ಬಾಗಿಲು ತೆರೆದಾಗ ಉರಿಯುವುದು, ಆರಿರುವುದು. ಸದಾ ಉರಿಯುವ ಸ್ಥಾನದಲ್ಲಿ ಉರಿದು, ಬಾಗಿಲು ತೆರೆದಾಗ ಉರಿಯದಿದ್ದರೆ ಬಲ್ಬು, ಫ್ಯೂಸು ಸರಿಯಿವೆ. ಒಂದು ಬಾಗಿಲಿಗೆ ಉರಿದು ಇನ್ನೊಂದಕ್ಕೆ ಉರಿಯದಿದ್ದರೆ ಆ ಬಾಗಿಲಿನ ಗುಂಡಿ ಸ್ವಿಚ್ಚಿನಲ್ಲಿ ಮಾತ್ರ ದೋಷ. ಹಳೆಯ ಗಾಡಿಗಳಲ್ಲಿ ಈ ಸ್ವಿಚ್ಚಿಗೆ ಅದನ್ನು ಬಿಗಿದ ಸ್ಕ್ರೂವೇ ಅರ್ತು. ಮಳೆಗಾಲ ಕಳೆದ ಮೇಲೆ ಅಲ್ಲಿ ತುಕ್ಕು ಹಿಡಿದಿರುತ್ತದೆ. ಗುಂಡಿ ಒಳಗೇ ಸಿಕ್ಕಿಕೊಂಡಿದ್ದರೂ ದೀಪ ಉರಿಯದು. ಬಾಗಿಲು ಮುಚ್ಚಿದಾಗ ಅದು ಪೂರ್ತಿ ಒಳಗೆ ಹೋಗದಿದ್ದರೆ ದೀಪ ಆರದು. ಎರಡನೆಯದು ಹೆಚ್ಚು ಹಾನಿಕರ. 10 ವ್ಯಾಟಿನ ಬಲ್ಬು 0.8 ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಮೂರು ದಿನ ಗಾಡಿ ತೆಗೆಯದಿದ್ದರೆ 60 ಆಂಪಿಯರ್ ಗಂಟೆಯ ಬ್ಯಾಟರಿ ಪೂರ್ತಿ ಬರಿದಾಗುತ್ತದೆ. ಆಸ್ಪತ್ರೆಗೆ ಹೊರಡಬೇಕಾದ ರಾತ್ರಿ ಗಾಡಿ ಸ್ಟಾರ್ಟ್ ಆಗದಿದ್ದರೆ ಇದರ ಬೆಲೆ ತಿಳಿಯುತ್ತದೆ. ಈಚಿನ ಕಾರುಗಳಲ್ಲಿ ಬಾಗಿಲು ಮುಚ್ಚಿದ ಸ್ವಲ್ಪ ಹೊತ್ತಿನ ಮೇಲೆ ದೀಪ ತಾನಾಗಿ ಆರುತ್ತದೆ, ಅದನ್ನು ದೋಷವೆಂದು ತಿಳಿಯಬಾರದು.

ಇನ್ನು ಕೆಂಪು ಎಚ್ಚರಿಕೆಯ ದೀಪಗಳು. ಇವು ಉರಿದಾಗ ಹೆದರುವವರು ಬಹಳ, ಉರಿಯದಿದ್ದಾಗ ಹೆದರುವವರು ಕಡಿಮೆ. ಕೀಲಿ ತಿರುಗಿಸಿ ಎಂಜಿನ್ ಓಡಿಸುವ ಮೊದಲು ಎಣ್ಣೆಯ ಒತ್ತಡದ ದೀಪ ಮತ್ತು ಚಾರ್ಜಿನ ದೀಪ ಎರಡೂ ಉರಿಯಲೇಬೇಕು. ಎಂಜಿನ್ ಓಡಿದ ಕೆಲವೇ ಕ್ಷಣಗಳಲ್ಲಿ ಆರಬೇಕು. ಕೀಲಿ ತಿರುಗಿಸಿದಾಗಲೇ ಉರಿಯದಿದ್ದರೆ ಆ ಕಾವಲುಗಾರ ಸತ್ತಿದ್ದಾನೆ ಎಂದರ್ಥ. ನನಗೆ ತಿಳಿದ ಒಂದು ಟ್ರ್ಯಾಕ್ಟರಿನಲ್ಲಿ ಎಣ್ಣೆಯ ಬಲ್ಬು ಸುಟ್ಟು ತಿಂಗಳುಗಳಾಗಿದ್ದವು. ಒತ್ತಡ ತೋರಿಸುವ ಮುಳ್ಳು ಅದರಲ್ಲಿ ಇರಲಿಲ್ಲ. ಎಣ್ಣೆ ತೆಗೆಯುವ ಬಿರಡೆಯ ವಾಷರು ಸರಿಯಾಗಿ ಕೂರದೆ ಎಣ್ಣೆ ಸೋರಿ, ಉಳುಮೆಯ ನಡುವೆ ಎಂಜಿನ್ ಕಚ್ಚಿಕೊಂಡಿತು. ಬೇರಿಂಗು, ಕ್ರ್ಯಾಂಕು ಎಲ್ಲ ಹೋಯಿತು. ಬಿತ್ತನೆಯ ಹದವೂ ಹೋಯಿತು. ಆ ಮನೆಯವರು ಆ ವರ್ಷ ಬಾಡಿಗೆ ಟ್ರ್ಯಾಕ್ಟರಿಗೆ ಸರದಿಯಲ್ಲಿ ಕಾದು ತಡವಾಗಿ ಬಿತ್ತಿದರು.

ಈ ದೀಪದ ಪರೀಕ್ಷೆ ಸುಲಭ. ಎಂಜಿನ್ನಿಗೆ ತಿರುಪಿದ ಒತ್ತಡದ ಸ್ವಿಚ್ಚಿನಿಂದ ತಂತಿಯನ್ನು ಬಿಡಿಸಿ, ಕೀಲಿ ಹಾಕಿ, ತಂತಿಯನ್ನು ಕಬ್ಬಿಣಕ್ಕೆ ಮುಟ್ಟಿಸಿ. ದೀಪ ಉರಿದರೆ ಬಲ್ಬು, ತಂತಿ ಸರಿ, ಸ್ವಿಚ್ಚು ಕೆಟ್ಟಿದೆ. ಉರಿಯದಿದ್ದರೆ ಬಲ್ಬು ಅಥವಾ ತಂತಿ. ಓಡುತ್ತಿರುವಾಗ ಈ ದೀಪ ಹೊತ್ತಿಕೊಂಡರೆ ಮಾತ್ರ ಬಲ್ಬಿನ ಚರ್ಚೆ ಬೇಡ, ಎಂಜಿನ್ ಅಲ್ಲಿಯೇ ನಿಲ್ಲಿಸಿ ಎಣ್ಣೆಯ ಕಡ್ಡಿ ತೆಗೆದು ನೋಡಿ.

ಚಾರ್ಜಿನ ದೀಪ ಇನ್ನೂ ಜಾಣ. ಅದರ ಒಂದು ಬದಿಗೆ ಬ್ಯಾಟರಿಯಿಂದ, ಇನ್ನೊಂದು ಬದಿಗೆ ಆಲ್ಟರ್ನೇಟರಿನಿಂದ ವಿದ್ಯುತ್ತು ಬರುತ್ತದೆ. ಎರಡೂ ಸಮವಾದಾಗ ಹರಿವು ನಿಂತು ದೀಪ ಆರುತ್ತದೆ. ಅನೇಕ ಗಾಡಿಗಳಲ್ಲಿ ಆಲ್ಟರ್ನೇಟರು ಕೆಲಸ ಆರಂಭಿಸಲು ಬೇಕಾದ ಮೊದಲ ವಿದ್ಯುತ್ತು ಈ ಬಲ್ಬಿನ ಮೂಲಕವೇ ಹೋಗುತ್ತದೆ. ಆದುದರಿಂದ ಸಣ್ಣ ಬಲ್ಬು ಸುಟ್ಟರೆ ಬ್ಯಾಟರಿಗೆ ಚಾರ್ಜೇ ಆಗದಿರಬಹುದು. ಅದರ ಜಾಗಕ್ಕೆ ಎಲ್‌ಇಡಿ ಹಾಕಿ ಇದೇ ತೊಂದರೆ ತಂದುಕೊಂಡವರಿದ್ದಾರೆ. ಇತರ ಕಡೆ ಎಲ್‌ಇಡಿ ಹಾಕಲು ಅಡ್ಡಿಯಿಲ್ಲ. ಉರಿಯದಿದ್ದರೆ ತಿರುಗಿಸಿ ಕೂರಿಸಿ, ಅದಕ್ಕೆ ಧನ ಋಣಗಳ ಭೇದವಿದೆ. ಓಡುವಾಗ ಚಾರ್ಜಿನ ದೀಪ ಹೊತ್ತಿ, ಶಾಖದ ಮುಳ್ಳೂ ಮೇಲೇರಿದರೆ ಬೆಲ್ಟು ತುಂಡಾಗಿದೆ. ಬಹಳಷ್ಟು ಎಂಜಿನ್ನುಗಳಲ್ಲಿ ನೀರಿನ ಪಂಪನ್ನೂ ಅದೇ ಬೆಲ್ಟು ತಿರುಗಿಸುತ್ತದೆ.

ಹೊಸ ಕಾರುಗಳಲ್ಲಿ ಏರ್‌ಬ್ಯಾಗು, ಎಬಿಎಸ್, ಎಂಜಿನ್ ಚಿತ್ರದ ದೀಪಗಳಿವೆ. ಇವು ಕಂಪ್ಯೂಟರಿನ ಆಳುಗಳು. ಅಲ್ಲಿ ಪರೀಕ್ಷಾ ದೀಪ ಚುಚ್ಚಬಾರದು. ಮುಖ್ಯವಾಗಿ ಸ್ಟೀರಿಂಗಿನ ಸುತ್ತ ಹಳದಿ ಬಣ್ಣದ ಜೋಡಣೆಗಳು ಕಂಡರೆ ಅವು ಏರ್‌ಬ್ಯಾಗಿನವು, ಮುಟ್ಟದೆ ವರ್ಕ್‌ಶಾಪಿಗೆ ಬಿಡಿ.

ಕೊನೆಯದಾಗಿ ಟ್ರೈಲರು. ಕಬ್ಬು ನುರಿಸುವ ಕಾಲದಲ್ಲಿ ಬೆಳಗಾವಿ, ಬಾಗಲಕೋಟೆ, ಮಂಡ್ಯದ ರಸ್ತೆಗಳಲ್ಲಿ ರಾತ್ರಿ ಸಂಚರಿಸಿದವರಿಗೆ ನಾನು ಹೇಳಬೇಕಾಗಿಲ್ಲ. ಟ್ರೈಲರು ಜೋಡಿಸಿದ ಮೇಲೆ ಟ್ರ್ಯಾಕ್ಟರಿನ ಮೀಟರಿನ ದೀಪ ಹೋದರೆ, ಟ್ರೈಲರಿನ ಪ್ಲಗ್ಗನ್ನು ಕಿತ್ತು ಹೊಸ ಫ್ಯೂಸು ಹಾಕಿ. ಫ್ಯೂಸು ನಿಂತರೆ ದೋಷ ಟ್ರೈಲರಿನದು. ಪ್ಲಗ್ಗಿನ ಕಡ್ಡಿಗಳ ಕಿಲುಬು ತೆಗೆಯಿರಿ. ಕೊಂಡಿಯ ಪಿನ್ನನ್ನೇ ಅರ್ತಾಗಿ ನಂಬಬೇಡಿ, ಅಲ್ಲಿ ಗ್ರೀಸು, ತುಕ್ಕು ಎರಡೂ ಇರುತ್ತವೆ. ಅರ್ತಿಗೆ ಪ್ರತ್ಯೇಕ ತಂತಿ ಎಳೆಯಿರಿ. ಮನೆಯ ವೈರಿಂಗಿನ ಒಂಟಿ ಎಳೆಯ ತಂತಿ ಕುಲುಕಾಟಕ್ಕೆ ಮುರಿಯುತ್ತದೆ, ಹಲವು ಎಳೆಗಳ ತಂತಿ ಬೇಕು. ಕಬ್ಬಿನ ತುದಿಗಳು ಹಿಂದೆ ಇಳಿಬಿದ್ದು ದೀಪವನ್ನು ಮುಚ್ಚುತ್ತಿದ್ದರೆ ಉರಿದೂ ಪ್ರಯೋಜನವಿಲ್ಲ. ಹೊರೆಯ ಹೊರಗೆ ಕಾಣುವಂತೆ ಪ್ರತಿಫಲಕ ಪಟ್ಟಿ ಕಟ್ಟಿ, ದೀಪಕ್ಕೆ ಏನಾದರೂ ಆದರೂ ಅದು ಹೊಳೆಯುತ್ತದೆ.

ಅಂಗಳದಲ್ಲಿ ಒಂದು ಹಳೆಯ ಜೀಪನ್ನು ನಿಲ್ಲಿಸಿದ್ದೇವೆ. ಅದರಲ್ಲಿ ಮೂರು ದೋಷಗಳನ್ನು ಬೇಕೆಂದೇ ಮಾಡಿಟ್ಟಿದ್ದೇನೆ. ನಾಲ್ಕನೆಯದೊಂದು ಮೊದಲಿನಿಂದಲೂ ಇತ್ತು, ಅದು ನನಗೂ ಇವತ್ತು ಬೆಳಿಗ್ಗೆ ಗೊತ್ತಾಯಿತು. ಪರೀಕ್ಷಾ ದೀಪ ತೆಗೆದುಕೊಂಡು ಐದೈದು ಜನರಂತೆ ಬನ್ನಿ.